ಎಡಗೈಯಿಲ್ಲದ ಕುಡುಗೋಲು

ಹನಗೋಡಿನಿಂದ ಕಾಡಿನ ಕಡೆಗೆ ನಡೆದರೆ ರಾಗಿ ಹೊಲಗಳು ಮುಗಿದು ಮರಗಳು ಶುರುವಾಗುವಲ್ಲಿ ಒಂದು ಹಾಡಿ ಇತ್ತು. ಬಿದಿರು ತಟ್ಟಿಯ ಗುಡಿಸಲುಗಳು, ಅಂಗಳಕ್ಕೊಂದು ಒಲೆ, ಎಲ್ಲರಿಗೂ ಸೇರಿದ ನಾಯಿಗಳು. ಆ ಹಾಡಿಯಲ್ಲಿ ಮಲ್ಲಿಯ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಅವಳ ಗಂಡ ಜೋಗಯ್ಯನಂತೂ ಹೆಂಡತಿ ಮಾತು ಶುರು ಮಾಡಿದಳೆಂದರೆ ಬೀಡಿ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದ. ಬೀಡಿ ಅವನ ಕಿವಿಯ ಮೇಲೇ ಇರುತ್ತಿತ್ತು. ಆದರೆ ಚಳಿ ಬಿದ್ದು ಹುಲ್ಲು ಕೊಯ್ಯುವ ಕಾಲ ಬಂತೆಂದರೆ ಆ ಬಾಯಿಯೇ ಎಲ್ಲರಿಗೂ ಬೇಕಾಗುತ್ತಿತ್ತು.

ಕಾಡಿನ ಒಳಗೆ ತಗ್ಗಿನಲ್ಲಿ ನೀರು ನಿಂತು, ಮರ ಬೆಳೆಯದೆ, ಬರೀ ಹುಲ್ಲೇ ತುಂಬಿಕೊಂಡ ಬಯಲುಗಳಿವೆ. ಅವನ್ನು ಹಡ್ಲು ಎನ್ನುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಹುಲ್ಲು ಆಳೆತ್ತರ ಬೆಳೆದು, ಬಲಿತು, ಜಿಂಕೆ ಮೂಸಿ ನೋಡಿ ಬಿಟ್ಟು ಹೋಗುವಷ್ಟು ಒರಟಾಗಿರುತ್ತದೆ. ಅದನ್ನು ಕೊಯ್ದು ಹಾಕಿದರೆ ಬುಡದಿಂದ ಎಳೆ ಚಿಗುರು ಬರುತ್ತದೆ. ಜಿಂಕೆ, ಕಡವೆ, ಕಾಟಿ ಎಲ್ಲವೂ ಬೇಸಿಗೆ ಕಳೆಯುವುದು ಆ ಚಿಗುರಿನ ಮೇಲೆ. ಹಾಗಾಗಿ ಅರಣ್ಯ ಇಲಾಖೆಯವರು ವರ್ಷವರ್ಷವೂ ಹಾಡಿಯ ಹೆಂಗಸರನ್ನು ಕೂಲಿಗೆ ಕರೆದು ಹಡ್ಲು ಕೊಯ್ಸುತ್ತಿದ್ದರು. ಆ ಗುಂಪಿಗೆ ಮಲ್ಲಿಯೇ ಮುಂದಾಳು.

ಆ ಕೊಯ್ಲಿಗೆ ಹಾಡಿಯವರದೇ ಒಂದು ಕಟ್ಟು, ಮೀರಬಾರದ ಕಟ್ಟಳೆ ಇತ್ತು. ಕುಕ್ಕರುಗಾಲಲ್ಲಿ ಕೂತು, ಮೊದಲು ಎಡಗೈಯನ್ನು ಹುಲ್ಲಿನ ಬುಡಕ್ಕೆ ಮೆಲ್ಲಗೆ ತೂರಿಸಬೇಕು. ಒಳಗೆ ಏನಿದೆ ಎಂದು ಅಂಗೈ ತಡವಿ ನೋಡಬೇಕು. ಗೌಜಲಕ್ಕಿಯ ಮೊಟ್ಟೆ ಇರಬಹುದು, ಮೊಲದ ಮರಿ ಇರಬಹುದು. ತಾಯಿ ಜಿಂಕೆ ಹುಲ್ಲಿನಲ್ಲಿ ಬಚ್ಚಿಟ್ಟು ಮೇಯಲು ಹೋದ ಮರಿಯಂತೂ ಕಾಲಡಿಗೆ ಸಿಕ್ಕರೂ ಅಲುಗಾಡುವುದಿಲ್ಲ. ಏನೂ ಇಲ್ಲವೆಂದು ಎಡಗೈ ಹೇಳಿದ ಮೇಲೆಯೇ ಬಲಗೈಯ ಕುಡುಗೋಲು ಆಡಬೇಕು. ಏನಾದರೂ ಸಿಕ್ಕರೆ ಅಷ್ಟು ಹುಲ್ಲನ್ನು ಹಾಗೇ ಬಿಟ್ಟು ಸುತ್ತಿ ಹೋಗಬೇಕು. ಒಮ್ಮೆ ಜೋಗಯ್ಯನ ತಂಗಿ ಚಿಕ್ಕಿ ಬೇಗ ಮುಗಿಸುವ ಆತುರದಲ್ಲಿ ತಡವದೆ ಕೊಯ್ದು ಒಂದು ಗೂಡನ್ನೇ ಸೀಳಿಬಿಟ್ಟಿದ್ದಳು. ಮಲ್ಲಿ ಅವತ್ತು ಅವಳಿಗೆ ಎಲ್ಲರೆದುರು ಬೈದ ಬೈಗುಳಕ್ಕೆ ಆ ಹುಡುಗಿ ಮೂರು ಹೊತ್ತು ಊಟ ಬಿಟ್ಟಿದ್ದಳು.

ಇಂಥ ಮಲ್ಲಿ ಒಂದು ಮಳೆಗಾಲದಲ್ಲಿ ಕಳಲೆ ಮುರಿಯಲು ಹೋದಾಗ ಬಿದಿರು ಮೆಳೆಯ ಹಿಂದೆ ಆನೆ ಘೀಳಿಟ್ಟಿತು. ಓಡಿದಳು. ಹಳೆಯ ಕಾಲದವರು ಆನೆ ಹಿಡಿಯಲು ತೋಡಿ, ಮುಚ್ಚದೆ ಬಿಟ್ಟ ಗುಂಡಿಯೊಂದರಲ್ಲಿ ಬಿದ್ದಳು. ಆನೆ ತನ್ನ ಪಾಡಿಗೆ ತಾನು ಹೋಯಿತು. ಮಲ್ಲಿಯ ಬಲಗಾಲು ಮಾತ್ರ ಮುರಿಯಿತು. ಕಟ್ಟೆಮಳಲವಾಡಿಯ ನಾಟಿ ವೈದ್ಯ ಬಿದಿರು ದಬ್ಬೆ ಕಟ್ಟಿ ಮೂಳೆಯನ್ನೇನೋ ಕೂಡಿಸಿದ, ಆದರೆ ಮಂಡಿ ಮಡಚಿಕೊಳ್ಳುವ ಗುಣವನ್ನೇ ಮರೆಯಿತು. ನಿಲ್ಲಬಹುದು, ಕುಂಟಿಕೊಂಡು ನಡೆಯಬಹುದು, ಕುಕ್ಕರಿಸಲು ಆಗದು. ಕುಕ್ಕರಿಸಲಾಗದವಳಿಗೆ ಹುಲ್ಲು ಕೊಯ್ಲಿನಲ್ಲಿ ಏನು ಕೆಲಸ?

ಹಾಡಿಯವರು ಒಳ್ಳೆಯವರು, ಅದೇ ತೊಂದರೆಯಾಯಿತು. ಅವಳು ಏಳುವ ಮೊದಲೇ ಬೇಕಾದ್ದು ಕೈಗೆ ಬರುತ್ತಿತ್ತು. ಸೌದೆ ಯಾರೋ ತಂದು ಹಾಕುತ್ತಿದ್ದರು, ಗೆಣಸು ಯಾರೋ ಬೇಯಿಸುತ್ತಿದ್ದರು. ಯಾರೂ ಅವಳಿಗೆ ಒಂದು ಕೆಲಸ ಹೇಳುತ್ತಿರಲಿಲ್ಲ, ಯಾರೂ ಅವಳನ್ನು ಏನನ್ನೂ ಕೇಳುತ್ತಿರಲಿಲ್ಲ. ಅವಳು ಬೈದರೆ ಮೊದಲಿನ ಹಾಗೆ ಎದುರು ಮಾತು ಸಹ ಬರುತ್ತಿರಲಿಲ್ಲ, ‘ಆಗಲಿ ಬುಡವ್ವ’ ಎಂದು ತಲೆಯಾಡಿಸಿ ಹೋಗುತ್ತಿದ್ದರು. ಮಲ್ಲಿಗೆ ಕಾಲಿನ ನೋವಿಗಿಂತ ಇದು ಹೆಚ್ಚು ನೋಯಿಸಿತು. ತಾನು ಬದುಕಿರುವಾಗಲೇ ಮೂಲೆಗೆ ಎತ್ತಿಟ್ಟ ಮುದುಕಿಯಾದೆ ಅನ್ನಿಸಿ ಅವಳಿಗೆ ಭಯವಾಗುತ್ತಿತ್ತು.

ಆ ವರ್ಷ ಹೊಸ ಫಾರೆಸ್ಟರು ಬಂದಿದ್ದರು, ನೀಲಕಂಠಸ್ವಾಮಿ ಎಂದು. ಕಬಿನಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು. ಎಲ್ಲಿ ನೋಡಿದರೂ ಯಂತ್ರಗಳು ಓಡಾಡುತ್ತಿದ್ದವು, ಎಲ್ಲ ಕೆಲಸಕ್ಕೂ ಒಂದೊಂದು ಯಂತ್ರ ಇದ್ದೇ ಇದೆ ಎಂದು ಜನ ನಂಬಿಬಿಟ್ಟಿದ್ದರು. ನೀಲಕಂಠಸ್ವಾಮಿಯೂ ನಂಬಿದ್ದರು. ಹಿಂದೆಲ್ಲ ಮಾಡುತ್ತಿದ್ದಂತೆ ಹಡ್ಲಿಗೆ ಬೆಂಕಿ ಹಾಕುವುದನ್ನು ಇಲಾಖೆ ನಿಲ್ಲಿಸಿತ್ತು. ಕುಡುಗೋಲಿನಿಂದ ಕೊಯ್ಯುತ್ತ ಕೂತರೆ ಯುಗಾದಿ ಬಂದರೂ ಮುಗಿಯದು ಎಂಬ ಚಿಂತೆ ಅವರದು. ಅವರು ಕೆಟ್ಟವರಲ್ಲ. ಮಲ್ಲಿಯ ಕಾಲು ನೋಡಿ ಮರುಗಿ, ಈ ಸಲ ಹಡ್ಲಿನ ಅಂಚಿನಲ್ಲಿ ನಿಂತು ಆನೆ ಬರುವುದನ್ನು ನೋಡಿ ಕೂಗುವ ಕೆಲಸ ಕೊಟ್ಟರು. ಆದರೆ ಇಂಥ ಕೆಲಸವೊಂದು ಇಲಾಖೆಯಲ್ಲಿ ಇಲ್ಲವೆಂದೂ, ಮುಂದಿನ ವರ್ಷ ಕೊಯ್ಯುವವರನ್ನು ಮಾತ್ರ ಕರೆಯಬೇಕಾಗುತ್ತದೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಮೊದಲು ಭೇರ್ಯದ ಕಡೆಯ ಸಾಹುಕಾರರೊಬ್ಬರ ಟ್ರಾಕ್ಟರು ಬಂತು. ಅದರ ಪಕ್ಕಕ್ಕೆ ಹಲ್ಲುಹಲ್ಲಾದ ಉದ್ದನೆಯ ಕತ್ತಿ ಕಟ್ಟಿತ್ತು. ಮೇಲಿಂದ ಒಣಗಿದಂತೆ ಕಾಣುವ ಹಡ್ಲು ಕೆಳಗೆ ಹಸಿಯಾಗಿರುತ್ತದೆ ಎಂದು ಜೋಗಯ್ಯ ಹೇಳುವಷ್ಟರಲ್ಲಿ ಟ್ರಾಕ್ಟರು ಅರ್ಧ ಚಕ್ರ ಹೂತು ನಿಂತಿತ್ತು. ಅದನ್ನು ಎಳೆಯಲು ಹನಗೋಡಿನ ಎತ್ತುಗಳು ಬರಬೇಕಾಯಿತು. ಆಮೇಲೆ ನೀಲಕಂಠಸ್ವಾಮಿ ಕೊಡಗಿನ ಕಡೆ ಮಾರಾಟವಾದ ಬಿಳಿಯರ ಕಾಫಿ ತೋಟವೊಂದರ ಉಗ್ರಾಣದಿಂದ ಎರಡು ಸಾಮಾನು ತರಿಸಿದರು. ಒಂದು, ಕೈಯಲ್ಲಿ ತಳ್ಳಿ ಹುಲ್ಲು ಕತ್ತರಿಸುವ ಗಾಡಿ. ಬಂಗಲೆಯ ಮುಂದಿನ ಗರಿಕೆಗೆ ಮಾಡಿದ ಗಾಡಿ ಆಳೆತ್ತರದ ಹುಲ್ಲಿಗೆ ಮೂತಿಯಿಟ್ಟು ಅಲ್ಲೇ ಸಿಕ್ಕಿಕೊಂಡಿತು. ಇನ್ನೊಂದು ಏನೆಂದು ಯಾರಿಗೂ ಗೊತ್ತಾಗಲಿಲ್ಲ.

ಅದೊಂದು ಸೊಟ್ಟ ಕೋಲು, ಆಳಿನ ಭುಜದೆತ್ತರ. ತುದಿಯಲ್ಲಿ ಮೊಳಕ್ಕಿಂತ ಉದ್ದದ ಬಾಗಿದ ಅಲಗು, ಅಡ್ಡಕ್ಕೆ ಮಲಗಿಕೊಂಡಿತ್ತು. ಕೋಲಿನ ನಡುವೆ ಎರಡು ಗೂಟ. ಇದೂ ಹುಲ್ಲಿನದೇ ಅಂತೆ ಎಂದು ನೀಲಕಂಠಸ್ವಾಮಿ ಅನುಮಾನದಲ್ಲೇ ಹೇಳಿದರು. ಜೋಗಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿ ತೀರ್ಪು ಕೊಟ್ಟ. ಹುಲ್ಲಿರುವುದು ನೆಲದಲ್ಲಿ, ಕೊಯ್ಯುವವಳು ಕೂರುವುದೂ ನೆಲದಲ್ಲಿ, ನಡುವೆ ಇಷ್ಟುದ್ದ ಕೋಲು ಯಾವ ಸುಖಕ್ಕೆ? ಇದು ಮರದ ಮೇಲಿನ ಸೊಪ್ಪು ಕೊಯ್ಯುವ ದೋಟಿ, ಅದಕ್ಕೇ ಕೋಲು ಉದ್ದ. ಅಲಗು ಎಲ್ಲೋ ಏಟು ಬಿದ್ದು ಅಡ್ಡ ತಿರುಗಿಕೊಂಡಿದೆ. ಗೂಟಗಳು ಕೊಂಬೆಗೆ ನೇತುಹಾಕಲು ಇರಬೇಕು. ಒಂದು ನೆಟ್ಟಗಿನ ಕೋಲೂ ಸಿಗದ ಬಿಳಿಯರ ಬಗ್ಗೆ ಅವನಿಗೆ ಕನಿಕರವೂ ಬಂತು. ನೀಲಕಂಠಸ್ವಾಮಿಯ ಮನೆಯಲ್ಲೂ ನುಗ್ಗೆಕಾಯಿ ಕೀಳುವ ದೋಟಿ ಇತ್ತಾದ್ದರಿಂದ ಅವರೂ ಹೌದೆಂದರು. ಹಿತ್ತಿಲಿಗಾದರೂ ಆಗಲಿ ಎಂದು ಅದನ್ನು ಜೋಗಯ್ಯನಿಗೇ ಕೊಟ್ಟುಬಿಟ್ಟರು.

ಜೋಗಯ್ಯ ಅದನ್ನು ಹೊತ್ತುಕೊಂಡು ಹುಣಸೂರಿಗೆ ಹೋದ. ಅಲ್ಲಿ ಸಂತೆ ಬೀದಿಯಲ್ಲಿ ಹುಸೇನ್ ಸಾಬರ ಕುಲುಮೆ. ಲಾರಿಯ ಹಳೆಯ ಕಮಾನು ಪಟ್ಟಿಗಳನ್ನು ಕಾಯಿಸಿ ಬಡಿದು ಕತ್ತಿ, ಕುಡುಗೋಲು, ಹೊಗೆಸೊಪ್ಪು ಕತ್ತರಿಸುವ ಚೂರಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ಅವರೂ ನೋಡಿ ದೋಟಿಯೇ ಎಂದರು. ಅಡ್ಡ ಮಲಗಿದ್ದ ಅಲಗನ್ನು ಕೆಂಪಗೆ ಕಾಯಿಸಿ, ಎತ್ತಿ, ಕೋಲಿನ ನೇರಕ್ಕೆ ಕೊಕ್ಕೆಯ ಹಾಗೆ ನಿಲ್ಲಿಸಿದರು. ಸೊಟ್ಟ ಕೋಲನ್ನು ಕಿತ್ತು ಒಲೆಗೆ ಕಳಿಸಿ, ನೆಟ್ಟಗಿನ ಗಟ್ಟಿ ಬಿದಿರು ಹಾಕಿದರು. ಇಬ್ಬರು ತಿಳಿದವರು ಸೇರಿ ಒಂದು ಒಳ್ಳೆಯ ಹತಾರವನ್ನು ಇಷ್ಟು ಚೆನ್ನಾಗಿ ಕೆಡಿಸಿದ್ದು ಆ ಸೀಮೆಯಲ್ಲಿ ಮತ್ತೆಲ್ಲೂ ಆಗಿರಲಾರದು.

ಹಡ್ಲಿನ ಅಂಚಿನಲ್ಲಿ ನಿಂತಿರುತ್ತಿದ್ದ ಮಲ್ಲಿಗೆ ಜೋಗಯ್ಯ ಆ ದೋಟಿಯನ್ನು ಊರಿಕೊಳ್ಳಲೂ ಆಯಿತು, ಆಡಿಗೆ ಸೊಪ್ಪು ಎಳೆಯಲೂ ಆಯಿತು ಎಂದು ಕೊಟ್ಟ. ಕೆಳಗೆ ಹೆಂಗಸರು ಸಾಲಾಗಿ ಕೂತು ಕೊಯ್ಯುತ್ತಿದ್ದರು. ಹುಲ್ಲು ಬೀಳುವ ಸದ್ದು, ಅವರ ನಗು, ಎಲ್ಲ ಕೇಳುತ್ತಿತ್ತು. ಆನೆಯಂತೂ ಬರಲಿಲ್ಲ. ಬಂದಿದ್ದರೆ ಕೂಗುವ ಕೆಲಸವಾದರೂ ಇರುತ್ತಿತ್ತು. ಒಂದು ಮಧ್ಯಾಹ್ನ ಸಿಟ್ಟೋ ಬೇಸರವೋ ತಡೆಯಲಾರದೆ ಮಲ್ಲಿ ದೋಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಪಕ್ಕದ ಹುಲ್ಲಿಗೆ ಬೀಸಿ ಹೊಡೆದಳು. ಮೊದಲ ಬೀಸು ನೆಲಕ್ಕೆ ಕಚ್ಚಿತು. ಕೋಲನ್ನು ಕೈಯಲ್ಲೇ ಹೊರಳಿಸಿ, ಅಲಗನ್ನು ಅಡ್ಡ ಮಾಡಿ ಇನ್ನೊಮ್ಮೆ ಬೀಸಿದಾಗ, ಕೂತು ಕೊಯ್ದರೆ ಹತ್ತು ಹಿಡಿಯಾಗುವಷ್ಟು ಹುಲ್ಲು ಒಟ್ಟಿಗೆ ಮಲಗಿಕೊಂಡಿತು. ಮೂರನೆಯದು ಮತ್ತೆ ಕೆಟ್ಟಿತು. ಆದರೆ ಆ ಒಂದು ಬೀಸು ಸಾಕಾಗಿತ್ತು. ಜೋಗಯ್ಯ ಇದನ್ನು ನೆಟ್ಟಗೆ ಮಾಡಿಸಿದ್ದೇ ತಪ್ಪು ಎಂದು ಅವಳಿಗೆ ಹೊಳೆಯಿತು. ಇದು ನಿಂತು ಕೊಯ್ಯುವವರಿಗೆ ಮಾಡಿದ ಕುಡುಗೋಲು.

ಮಾರನೆಯ ಬೆಳಿಗ್ಗೆ ಗಂಡನಿಗೂ ಹೇಳದೆ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಹನಗೋಡಿಗೆ ಕುಂಟಿಕೊಂಡು ಹೋಗಿ ಹುಣಸೂರಿನ ಬಸ್ಸು ಹತ್ತಿದಳು. ಹುಸೇನ್ ಸಾಬರು ಚೀಲ ಬಿಚ್ಚಿ ನೋಡಿದವರೇ ಮುಖ ಗಂಟಿಕ್ಕಿದರು. ತಾವು ಮಾಡಿದ ಕೆಲಸವನ್ನು ಬಿಚ್ಚಿಸಲು ಯಾರೂ ಬಂದದ್ದಿಲ್ಲ ಎಂಬುದು ಅವರ ದೊಡ್ಡ ಹೆಮ್ಮೆ.

"ನಿಮ್ಮ ಯಜಮಾನ್ರು ದೋಟಿ ಅಂದ್ರು, ದೋಟಿ ಮಾಡ್ಕೊಟ್ಟೆ. ಈಗ ನೀವ್ ಬಂದು ಕುಡ್ಲು ಅಂತೀರಿ. ನಾಳೆ ಇನ್ಯಾರೋ ಬಂದು ಸೌಟು ಅಂತಾರೆ" ಎಂದರು.

ಬೇರೆ ದಿನವಾಗಿದ್ದರೆ ಮಲ್ಲಿ ಸಂತೆ ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಕೊಡುತ್ತಿದ್ದಳು. ಅವತ್ತು ಮಡಚದ ಕಾಲನ್ನು ಮುಂದೆ ಚಾಚಿ ತೋರಿಸಿದಳು.

"ನಂಗೆ ಕುಕ್ಕರಿಸಾಕಾಗಲ್ಲ ಸಾಬ್ರೇ. ನಿಂತ್ಕಂಡು ಕೊಯ್ಯಾಕೆ ಇದೊಂದೇ ಇರಾದು. ಇದೂ ಆಗ್ನಿಲ್ಲ ಅಂದ್ರೆ ನನ್ನ ಹುಲ್ಲಿನ ಕಾಲ ಮುಗೀತು."

ಸಾಬರು ಗಾಳಿಯೂದುವ ತಿದಿಯ ಹಗ್ಗ ಬಿಟ್ಟು ಅವಳ ಕಾಲು ನೋಡಿದರು. ಆಮೇಲೆ ಅಲಗನ್ನು ಕೆಂಡಕ್ಕೆ ಹಾಕಿದರು. ತೊಂದರೆ ಏನೆಂದರೆ ಮೊದಲು ಅದು ಎಷ್ಟು ಅಡ್ಡಕ್ಕಿತ್ತು, ಗೂಟಗಳು ಎಲ್ಲೆಲ್ಲಿದ್ದವು ಎಂಬುದು ಅವರಿಗೂ ನೆನಪಿರಲಿಲ್ಲ. ಒಂದು ಸಲ ಬಾಗಿಸಿದರೆ ತುದಿ ಮಣ್ಣಿಗೆ ಚುಚ್ಚಿತು, ಇನ್ನೊಂದು ಸಲ ಅಲಗು ಹುಲ್ಲಿನ ತಲೆಯನ್ನು ಸವರಿ ಹೋಯಿತು. ಪರೀಕ್ಷೆಯೆಲ್ಲ ಕುಲುಮೆಯ ಹಿಂದಿನ ಖಾಲಿ ಜಾಗದಲ್ಲಿ ಬೆಳೆದಿದ್ದ ಕಳೆಯ ಮೇಲೆ ನಡೆಯಿತು. ಇಬ್ಬರಿಗೂ ಬೆವರು, ಇಬ್ಬರಿಗೂ ಸಿಡುಕು.

ಮನೆಯ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಬರ ಹೆಂಡತಿ ಜೀನತುನ್ನೀಸಾಗೆ ಇದು ಮುಗಿಯುವ ಹಾಗೆ ಕಾಣಲಿಲ್ಲ. ಅವರು ಅಂಗಳ ಗುಡಿಸುವ ಉದ್ದ ಕೋಲಿನ ಪೊರಕೆಯನ್ನು ತಂದು ಮಲ್ಲಿಯ ಕೈಗೆ ಕೊಟ್ಟು, ನಿಮ್ಮ ಕಾಲಿಗೆ ನೋವಾಗದ ಹಾಗೆ ಗುಡಿಸಿ ತೋರಿಸಿ ಎಂದರು. ಮಲ್ಲಿ ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ, ಸೊಂಟ ತಿರುಗಿಸಿ ಗುಡಿಸಿದಳು. ಅವಳ ಎರಡು ಕೈಗಳು ಹಿಡಿದಲ್ಲಿ ಜೀನತುನ್ನೀಸಾ ಪೊರಕೆಗೆ ಮಸಿಯಿಂದ ಗುರುತು ಹಾಕಿದರು. ಪೊರಕೆಯ ಕಡ್ಡಿಗಳು ನೆಲಕ್ಕೆ ಎಷ್ಟು ಒರಗುತ್ತವೆ ಎಂದು ಗಂಡನಿಗೆ ತೋರಿಸಿದರು. ಸಾಬರು ಗುರುತಿನ ಮೇಲೆ ಬಿದಿರಿಗೆ ಹೊಸ ಹಿಡಿಗಳನ್ನು ಬಿಗಿದು, ಅಲಗನ್ನು ಆ ಒರಗಿಗೇ ಬಾಗಿಸಿದರು. ಮಲ್ಲಿ ಬೀಸಿದಳು. ಕಳೆ ಬುಡಕ್ಕೆ ಸರಿಯಾಗಿ ಕೊಯ್ದುಕೊಂಡು ಎಡಕ್ಕೆ ಮಲಗಿತು. ಇನ್ನು ಸಾಕು ಎಂದರೂ ಕೇಳದೆ ಅವಳು ಆ ಜಾಗವನ್ನೆಲ್ಲ ಕೊಯ್ದು ಚೊಕ್ಕಟ ಮಾಡಿಯೇ ಬಸ್ಸಿಗೆ ಹೊರಟಳು.

ಹಡ್ಲಿನಲ್ಲಿ ಅವಳು ಬೀಸಲು ನಿಂತಾಗ ಎಲ್ಲರೂ ಕೆಲಸ ಬಿಟ್ಟು ನೋಡಿದರು. ಗೆರೆ ಎಳೆದಂತೆ ಹುಲ್ಲು ಬೀಳುತ್ತ ಹೋಯಿತು. ನೀಲಕಂಠಸ್ವಾಮಿಗೆ ಸಂತೋಷವಾಗಿ, ಇಂಥವನ್ನೇ ಇನ್ನಷ್ಟು ಮಾಡಿಸಬಹುದಲ್ಲ ಎಂದು ಜೋಗಯ್ಯನ ಬೆನ್ನು ತಟ್ಟಿದರು. ಜೋಗಯ್ಯ, ತಾನು ಮೊದಲೇ ಹೇಳಿರಲಿಲ್ಲವೇ ಎಂಬ ಮುಖ ಮಾಡಿದ. ಮಲ್ಲಿ ಹಿಗ್ಗಿನಿಂದ ತಿರುಗಿದಾಗ ಚಿಕ್ಕಿ ಒಬ್ಬಳು ನಗದೆ ಕೂತಿದ್ದಳು.

"ಅತ್ತಿಗೆ, ಇದ್ಕೆ ಎಡಗೈ ಎಲ್ಲೈತೆ?" ಎಂದಳು ಚಿಕ್ಕಿ.

ಮಲ್ಲಿ ತಾನು ಕೊಯ್ದ ಸಾಲನ್ನು ನೋಡಿದಳು. ಎರಡು ಕೈಯೂ ಕೋಲಿನ ಮೇಲೆ; ಬುಡ ತಡವಿ ನೋಡಿದ ಕೈ ಯಾವುದು? ಇಷ್ಟುದ್ದಕ್ಕೆ ಏನೂ ಸಿಗದಿದ್ದದ್ದು ಪುಣ್ಯ. ಈ ಅಲಗಿನ ಒಂದು ಬೀಸಿಗೆ ಮರಿಯ ಕಾಲು ಇರುತ್ತಿರಲಿಲ್ಲ. ತಾನೇ ಬೈದು ಬೈದು ಕಾಯ್ದ ಕಟ್ಟನ್ನು ತಾನೇ ಮುರಿದಿದ್ದಳು, ಅದೂ ಎಲ್ಲರೆದುರು ಹಿಗ್ಗುತ್ತ. ಚಿಕ್ಕಿಗೆ ಬೈಯುವ ಹಾಗೂ ಇರಲಿಲ್ಲ, ಯಾಕೆಂದರೆ ಆ ಮಾತು ಮಲ್ಲಿಯದೇ. ನೀಲಕಂಠಸ್ವಾಮಿಯೂ ಮಂಕಾದರು. ಪ್ರಾಣಿಗಳಿಗಾಗಿ ಕೊಯ್ಸುವ ಹುಲ್ಲಿನಲ್ಲಿ ಒಂದು ಮರಿ ಸತ್ತರೂ ಈ ಕೆಲಸಕ್ಕೆ ಅರ್ಥವಿಲ್ಲ, ಹಾಗಿದ್ದರೆ ಇದನ್ನು ಉಗ್ರಾಣಕ್ಕೆ ಕಳಿಸೋಣ ಎಂದರು. ಮಲ್ಲಿ ಕೋಲನ್ನು ನೆಲಕ್ಕೆ ಇಳಿಸಿದಳು. ಗುಂಡಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದಾಗಲೂ ಅವಳು ಅಷ್ಟು ಸೋತಿರಲಿಲ್ಲ.

ಚಿಕ್ಕಿ ಎದ್ದು ಬಂದಳು. ಅವಳಿಗೆ ಅತ್ತಿಗೆಯನ್ನು ಸೋಲಿಸುವ ಆಸೆ ಇರಲಿಲ್ಲ. ಮಲ್ಲಿ ಅಂಚಿಗೆ ಹೋದ ಮೇಲೆ ಮುಂದಾಳುತನ ಚಿಕ್ಕಿಯ ತಲೆಗೆ ಬಂದಿತ್ತು. ಎಲ್ಲರನ್ನೂ ಗದರಿಸಿ ಕೆಲಸ ಮಾಡಿಸುವುದು ಅವಳಿಂದ ಆಗದ ಮಾತಾಗಿತ್ತು. ಅತ್ತಿಗೆ ವಾಪಸು ಬರಲಿ ಎಂದು ಅವಳು ಹಾರೈಸುತ್ತಿದ್ದಳು, ಆದರೆ ಗೂಡು ಸೀಳಿದ ದಿನವನ್ನೂ ಮರೆತಿರಲಿಲ್ಲ.

"ಇಳಿಸ್ಬ್ಯಾಡ ಅದ್ನ" ಎಂದಳು. "ನಾನು ಮುಂದೆ ತಡವ್ಕೊಂಡು ಓಯ್ತೀನಿ, ನೀನು ಇಂದೆ ಬಾ. ಎಡಗೈ ನಂದು, ಬಲಗೈ ನಿಂದು."

ಹಾಗೇ ಮಾಡಿದರು. ಅಲಗಿನ ಬೀಸು ತಾಗದಷ್ಟು ಮುಂದೆ ಚಿಕ್ಕಿ ಬಗ್ಗಿಕೊಂಡು ಎರಡೂ ಕೈಯಲ್ಲಿ ಹುಲ್ಲಿನ ಬುಡ ಸೀಳಿ ನೋಡುತ್ತ ಹೋಗುವುದು, ಅವಳು ಕೈ ಎತ್ತಿದರೆ ಮಲ್ಲಿ ನಿಲ್ಲುವುದು. ಮೊದಮೊದಲು ಇಬ್ಬರ ನಡಿಗೆ ಕೂಡಲಿಲ್ಲ. ಚಿಕ್ಕಿ ನಿಧಾನವೆಂದು ಮಲ್ಲಿಗೆ, ಮಲ್ಲಿ ಬೆನ್ನಿಗೇ ಬರುತ್ತಾಳೆಂದು ಚಿಕ್ಕಿಗೆ ಸಿಟ್ಟು. ನೀಲಕಂಠಸ್ವಾಮಿ ಪೂರ್ತಿ ಒಪ್ಪಿರಲಿಲ್ಲ. ಒಂದೆರಡು ದಿನ ನೋಡೋಣ, ಒಂದು ಸಣ್ಣ ಅನಾಹುತವಾದರೂ ನಿಲ್ಲಿಸಿಬಿಡುತ್ತೇನೆ ಎಂದಿದ್ದರು. ಮಲ್ಲಿ ಪ್ರತಿ ಬೀಸಿಗೂ ಮೊದಲು ಚಿಕ್ಕಿಯ ಕೈ ನೋಡುತ್ತಿದ್ದಳು.

ಎರಡನೆಯ ದಿನ ಬಿಸಿಲೇರುವಾಗ ಚಿಕ್ಕಿಯ ಕೈ ಮೇಲೆದ್ದಿತು. ಮಲ್ಲಿಯ ಬೀಸು ಆಗಲೇ ಅರ್ಧ ದಾರಿಯಲ್ಲಿತ್ತು. ಸೊಂಟವನ್ನು ಹಿಂದಕ್ಕೆಳೆದು, ಅಲಗನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿದಳು. ಕುಂಟುತ್ತ ಹೋಗಿ ಬಗ್ಗಿ ನೋಡಿದರೆ, ಹುಲ್ಲಿನ ಬುಡದಲ್ಲಿ ಜಿಂಕೆ ಮರಿಯೊಂದು ಮುದುಡಿಕೊಂಡು, ಕಿವಿ ಬೆನ್ನಿಗೆ ಅಂಟಿಸಿ ಮಲಗಿತ್ತು. ಮೈಮೇಲಿನ ಚುಕ್ಕೆಗಳು ಉಸಿರಿಗೆ ಮೆಲ್ಲಗೆ ಏರಿಳಿಯುತ್ತಿದ್ದವು. ಅಲಗು ಚುಚ್ಚಿದ್ದ ಜಾಗಕ್ಕೂ ಅದಕ್ಕೂ ನಡುವೆ ಇನ್ನೂ ನಾಲ್ಕು ಹೆಜ್ಜೆ ಹುಲ್ಲು ನಿಂತಿತ್ತು. ಮಲ್ಲಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮರಿ ಬೆಚ್ಚೀತೆಂದು ಎರಡನ್ನೂ ಸೆರಗಿನಲ್ಲಿ ಅದುಮಿಕೊಂಡಳು.

ಆ ಜಾಗವನ್ನು ಬಿಟ್ಟು ಎಲ್ಲರೂ ದೂರ ಸರಿದರು. ಬಿಸಿಲು ಇಳಿಯುವ ಹೊತ್ತಿಗೆ ಮರಗಳ ಕಡೆಯಿಂದ ತಾಯಿ ಬಂದು, ನಿಂತು ನಿಂತು ನೋಡಿ, ಹುಲ್ಲಿನೊಳಗೆ ತಲೆ ಹಾಕಿತು. ಸ್ವಲ್ಪ ಹೊತ್ತಿಗೆ ಎರಡೂ ಹೊರಬಂದು, ಹೊಸದಾಗಿ ಕೊಯ್ದ ಬಯಲನ್ನು ದಾಟಿಕೊಂಡು ಕಾಡಿಗೆ ಹೋದವು. ನೀಲಕಂಠಸ್ವಾಮಿ ಅದನ್ನು ಕಣ್ಣಾರೆ ನೋಡಿದರು. ಹಸಿ ನೆಲಕ್ಕೆ ಟ್ರಾಕ್ಟರು ಬೇಡ, ಅಂಚುಗಳಿಗೆ ಮಾಮೂಲಿ ಕುಡುಗೋಲು, ನಡುವಿನ ಹುಲ್ಲಿಗೆ ನಿಂತು ಕೊಯ್ಯುವ ಇದು, ಒಂದೊಂದಕ್ಕೆ ಮುಂದೆ ತಡವುವವಳು ಒಬ್ಬಳು, ಬೀಸುವವಳು ಒಬ್ಬಳು. ಇನ್ನು ಪ್ರತಿ ವರ್ಷವೂ ಇದೇ ಎಂದು ತೀರ್ಮಾನ ಹೇಳಿದರು. ಮಲ್ಲಿ ಕೊಯ್ಯುವವಳೇ, ಕೂಗುವವಳಲ್ಲ ಎಂದೂ ಸೇರಿಸಿದರು. ಹುಣಸೂರಿನಿಂದ ಇನ್ನೂ ಕೆಲವನ್ನು ಮಾಡಿಸುವುದೆಂದಾಯಿತು. ಜೋಗಯ್ಯ ತರಲು ಹೊರಟಾಗ ಮಲ್ಲಿ ಅವನನ್ನು ತಡೆದು, ತಾನೇ ಹೋಗುವುದಾಗಿ ಹೇಳಿದಳು. ಅವನು ಬೀಡಿ ಹುಡುಕತೊಡಗಿದ.

ಅವತ್ತು ಕೆಲಸ ಬಿಡುವ ಮುಂಚೆ ಉಳಿದಿದ್ದ ಒಂದು ಸಾಲನ್ನು ಇಬ್ಬರೂ ಮುಗಿಸಿದರು. ಸಾಲಿನ ಕೊನೆಯಲ್ಲಿ ಚಿಕ್ಕಿ, ಬಗ್ಗಿ ಬಗ್ಗಿ ಸೋತ ನಡುವನ್ನು ಹಿಡಿದುಕೊಂಡು ಧೊಪ್ಪನೆ ಕೂತಳು. ಮಲ್ಲಿ ಅವಳ ಪಕ್ಕದಲ್ಲಿ ಕೋಲು ಊರಿಕೊಂಡು ನಿಂತಿದ್ದಳು.

"ನನ್ ಕೈಲಾಗಲ್ಲ ಅತ್ತಿಗೆ" ಎಂದಳು ಚಿಕ್ಕಿ, ತಲೆ ಕೂಡ ಎತ್ತದೆ. "ಅಳ್ಳದಿಂದ ಒಸಿ ನೀರು ತಂದ್ಕೊಡು."

ಹಳ್ಳ ಹತ್ತಿರವೇನೂ ಇರಲಿಲ್ಲ, ದಾರಿಯೂ ಇಳಿಜಾರು. ಮಲ್ಲಿ ಬೈಯಲು ಬಾಯಿ ತೆರೆದಳು. ಕಾಲು ಮುರಿದ ಮೇಲೆ ಅವಳಿಗೆ ಹೀಗೆ ‘ತಂದ್ಕೊಡು’ ಎಂದು ಹಾಡಿಯವರು ಯಾರೂ ಹೇಳಿರಲಿಲ್ಲ. ಆಮೇಲೆ ನೀರಿನ ಸೋರೆ ಬುರುಡೆಯನ್ನು ಹೆಗಲಿಗೆ ಹಾಕಿಕೊಂಡು, ಎಷ್ಟು ಸಾಧ್ಯವೋ ಅಷ್ಟು ಬೇಗ ಹಳ್ಳದ ಕಡೆ ನಡೆದಳು.